ಸಿಹಿಯ ಆಸೆ ಇರೋದು ನಾಲಿಗೆಯಲ್ಲಾ, ಮೆದುಳಲ್ಲಾ?

ವಡೋದರಾದ ಗೋರ್ವಾಗೆ ಕೆಲಸಕ್ಕೆ ಬಂದ ನಮ್ಮವರು ಮೊದಲು ಮುಖ ಸಿಂಡರಿಸೋದು ಬೆಲ್ಲ ಹಾಕಿದ ದಾಲ್‌ಗೆ. ಆಮೇಲೆ ಅದಿಲ್ಲದೆ ಊಟ ಸೇರಲ್ಲ. ಈ ಆಸೆಯನ್ನ ಔಷಧಿ ತಡೆಯುತ್ತಾ? ಪ್ರಶ್ನೆ ಹಳೇದು.

ಮಧುನಾಶಿನಿ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿ, ಮರಳು ತಿಂದಂಗಿರುತ್ತೆ. ಹಿಂದಿಯಲ್ಲಿ ಅದರ ಹೆಸರೇ ‘ಗುಡ್‌ಮಾರ್’, ಬೆಲ್ಲವನ್ನ ಕೊಲ್ಲುವಂಥದ್ದು. 1887ರಲ್ಲಿ ಊಟಿಯಲ್ಲಿದ್ದ ರಸಾಯನಶಾಸ್ತ್ರಜ್ಞ ಡೇವಿಡ್ ಹೂಪರ್ ಆ ಎಲೆಯಿಂದ ಜಿಮ್ನೆಮಿಕ್ ಆಮ್ಲ ಬೇರ್ಪಡಿಸಿದರು. ಅದು ನಾಲಿಗೆಯ ಸಿಹಿ ಗ್ರಾಹಕಗಳನ್ನ ತಡೆಯುತ್ತೆ. ಆದರೆ ಸ್ವಲ್ಪ ಹೊತ್ತಿಗೇ ರುಚಿ ವಾಪಸ್.

ಸಕ್ಕರೆ ತಿಂದಾಗ ಮೆದುಳಲ್ಲಿ ಡೋಪಮಿನ್ ಏರುತ್ತೆ, ಸಿಗರೇಟು ಸೇದಿದಾಗಲೂ ಅಷ್ಟೇ. ಸಿಗರೇಟು ಬಿಡಿಸೋಕೆ ಅಮೆರಿಕ 2006ರಲ್ಲಿ ಒಪ್ಪಿದ ವಾರೆನಿಕ್ಲಿನ್ ಮಾತ್ರೆ ಕೆಲಸ ಮಾಡೋದು ಮೆದುಳಿನ ನಿಕೋಟಿನ್ ಗ್ರಾಹಕಗಳ ಮೇಲೆ. 2016ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದವರು ಸಕ್ಕರೆ ನೀರಿಗೆ ಒಗ್ಗಿದ ಇಲಿಗಳಿಗೆ ಇದನ್ನ ಕೊಟ್ಟರು. ಅವು ಕುಡಿಯೋದು ಕಡಿಮೆ ಆಯ್ತು.

ಸುಮಾರು 130 ವರ್ಷದಲ್ಲಿ ಹುಡುಕಾಟ ನಾಲಿಗೆಯಿಂದ ಮೆದುಳಿಗೆ ಬಂದಿದೆ. ಆದರೆ ಆ ಫಲಿತಾಂಶ ಇಲಿಗಳದ್ದು. ಸಕ್ಕರೆ ಬಿಡಿಸೋಕೆ ಅಂತ ಆ ಮಾತ್ರೆಯನ್ನ ಒಪ್ಪಿಲ್ಲ. ಶುಗರ್ ಇರೋರು ಎಲೆಯಾಗಲಿ ಮಾತ್ರೆಯಾಗಲಿ, ಡಾಕ್ಟರನ್ನ ಕೇಳದೆ ತಗೋಬೇಡಿ.