ಮಾಯಾವಾದ ಮತ್ತು ಲೋಕಹಿತ

"ಜಗತ್ತೇ ಮಾಯೆ ಎಂದ ಮೇಲೆ ಊರಿನ ಕಷ್ಟಸುಖ ನಮಗೇಕೆ?" ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ವೇದಾಂತವನ್ನು ಒಪ್ಪದವರು ಇದನ್ನು ಆಕ್ಷೇಪವಾಗಿ ಹೇಳುತ್ತಾರೆ. ಕೆಲಸ ತಪ್ಪಿಸಿಕೊಳ್ಳುವವರು ಇದನ್ನೇ ನೆಪ ಮಾಡುತ್ತಾರೆ. ಬ್ರಹ್ಮವೊಂದೇ ಸತ್ಯ ಎನ್ನುತ್ತಲೇ ತಮ್ಮ ಊರಿನವರನ್ನೇ ಕೆರೆಯಿಂದಲೂ ದೇವಸ್ಥಾನದಿಂದಲೂ ದೂರವಿಟ್ಟ ಕಾಲವೊಂದಿತ್ತು. ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ತಪ್ಪು ಸಿದ್ಧಾಂತದ್ದೋ, ಅದನ್ನು ಅರ್ಧಕ್ಕೆ ನಿಲ್ಲಿಸಿದವರದ್ದೋ?

ಕಾಲಡಿಯಲ್ಲಿ ಅವತರಿಸಿದ ಶ್ರೀ ಶಂಕರ ಭಗವತ್ಪಾದರು ಜಗತ್ತು ಮಿಥ್ಯೆ ಎಂದರೇ ಹೊರತು, ಮೊಲದ ಕೊಂಬಿನಂತೆ ಇಲ್ಲವೇ ಇಲ್ಲ ಎನ್ನಲಿಲ್ಲ. ಜ್ಞಾನೋದಯವಾಗುವ ತನಕ ವ್ಯವಹಾರದಲ್ಲಿ ಜಗತ್ತು ಸತ್ಯವೇ. ಹಗ್ಗವನ್ನು ಹಾವೆಂದು ಕಂಡವನ ಹೆದರಿಕೆ ಸುಳ್ಳಲ್ಲ. ಅವನಿಗೆ ದೀಪ ತೋರಿಸತಕ್ಕದ್ದು, ಪಕ್ಕದಲ್ಲಿ ನಿಂತು ನಗತಕ್ಕದ್ದಲ್ಲ. ತನಗೆ ಬರಬೇಕಾದ ಬಾಕಿಯನ್ನು ಮಾಯೆ ಎಂದು ಯಾರೂ ಬಿಡುವುದಿಲ್ಲ. ಹಾಗಿರುವಾಗ ತಾನು ತೀರಿಸಬೇಕಾದ ಕರ್ತವ್ಯವನ್ನು ಮಾತ್ರ ಮಾಯೆ ಎನ್ನುವುದು ಯಾವ ನ್ಯಾಯ?

ಶಂಕರರ ಅದ್ವೈತವನ್ನೇ ನಂಬಿ, ಅದನ್ನು ಬದುಕಿ ತೋರಿಸಿದವರು ಬ್ರಹ್ಮಶ್ರೀ ನಾರಾಯಣ ಗುರುಗಳು. ತಿರುವನಂತಪುರದ ಸಮೀಪದ ಚೆಂಪಳಂತಿಯಲ್ಲಿ ಈಳವ ಕುಟುಂಬದಲ್ಲಿ ಜನಿಸಿದ ಅವರು ಸಂಸ್ಕೃತ, ವೇದಾಂತಗಳನ್ನು ಅಭ್ಯಸಿಸಿ ತಪಸ್ಸು ಮಾಡಿದವರು. ತಮ್ಮ 'ದರ್ಶನಮಾಲಾ' ಗ್ರಂಥದ ಹತ್ತು ದರ್ಶನಗಳಲ್ಲಿ ಒಂದನ್ನು ಮಾಯೆಯ ವಿಚಾರಕ್ಕೇ ಮೀಸಲಿಟ್ಟಿದ್ದಾರೆ. ಇಂತಹ ಅದ್ವೈತಿ ಕೈಕಟ್ಟಿ ಕುಳಿತರೇ?

1888ರ ಶಿವರಾತ್ರಿಯಂದು ಅರುವಿಪ್ಪುರದಲ್ಲಿ ನೆಯ್ಯಾರ್ ನದಿಯ ಕಲ್ಲನ್ನೆತ್ತಿ ಶಿವಪ್ರತಿಷ್ಠೆ ಮಾಡಿದರು. ದೇವಸ್ಥಾನದ ಬಾಗಿಲು ಮುಚ್ಚಿದ್ದ ಜನರಿಗೆ ಅಂದು ಬಾಗಿಲು ತೆರೆಯಿತು. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗ ಸ್ಥಾಪನೆಯಾಯಿತು; ಗುರುಗಳು ಅಧ್ಯಕ್ಷರು, ಕವಿ ಕುಮಾರನ್ ಆಶಾನ್ ಕಾರ್ಯದರ್ಶಿ. ಕಾಸರಗೋಡೂ ಮಂಗಳೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಆ ಕಾಲದಲ್ಲಿ ಹೊಯಿಗೆಬಜಾರ್ ಕೊರಗಪ್ಪನವರ ಮುಂದಾಳುತನದಲ್ಲಿ ಬಿಲ್ಲವ ಬಾಂಧವರು ಗುರುಗಳನ್ನು ಬರಮಾಡಿಕೊಂಡರು. 1912ರಲ್ಲಿ ಕುದ್ರೋಳಿಯಲ್ಲಿ ಶ್ರೀ ಗೋಕರ್ಣನಾಥನ ಪ್ರತಿಷ್ಠೆ ಅವರ ಹಸ್ತದಿಂದಲೇ ನೆರವೇರಿತು.

ಮುಂದೆ ಗುಡಿಗಿಂತಲೂ ಶಾಲೆ ಕಟ್ಟುವುದಕ್ಕೆ ಗುರುಗಳು ಹೆಚ್ಚು ಒತ್ತು ಕೊಟ್ಟರು. 1924ರಲ್ಲಿ ದೇವಸ್ಥಾನದ ಸುತ್ತಣ ದಾರಿಯಲ್ಲಿ ಎಲ್ಲರೂ ನಡೆಯುವ ಹಕ್ಕಿಗಾಗಿ ವೈಕಂ ಸತ್ಯಾಗ್ರಹ ನಡೆದಾಗ ಸತ್ಯಾಗ್ರಹಿಗಳಿಗೆ ತಮ್ಮ ಮಠವನ್ನೇ ಬಿಟ್ಟುಕೊಟ್ಟರು. 1928ರಲ್ಲಿ, ತಾವು ಸಮಾಧಿಯಾದ ವರ್ಷವೇ, ಶಿವಗಿರಿ ತೀರ್ಥಯಾತ್ರೆಗೆ ಎಂಟು ಉದ್ದೇಶಗಳನ್ನು ವಿಧಿಸಿದರು: ವಿದ್ಯಾಭ್ಯಾಸ, ಶುಚಿತ್ವ, ಈಶ್ವರಭಕ್ತಿ, ಸಂಘಟನೆ, ಕೃಷಿ, ವ್ಯಾಪಾರ, ಕೈಕಸುಬು ಮತ್ತು ತಾಂತ್ರಿಕ ತರಬೇತಿ. ತೀರ್ಥಯಾತ್ರೆಗೆ ಹೊರಟವನು ಕೃಷಿಯನ್ನೂ ವ್ಯಾಪಾರವನ್ನೂ ತಿಳಿದು ಬರಬೇಕೆಂದವರು ಲೋಕವನ್ನು ಬಿಟ್ಟವರಲ್ಲ.

ಗುರುಗಳ ಜೀವನದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಎಲ್ಲರಲ್ಲೂ ಇರುವ ಆತ್ಮ ಒಂದೇ ಆದ ಮೇಲೆ ಮೊದಲು ಸುಳ್ಳಾಗತಕ್ಕದ್ದು ಮೇಲು ಕೀಳೆಂಬ ಭೇದ. ಪರರ ಹಸಿವನ್ನು ಮಾಯೆ ಎನ್ನುವುದು ಸುಲಭ. ತನ್ನ ದೊಡ್ಡಸ್ತಿಕೆಯನ್ನು ಮಾಯೆ ಎನ್ನುವುದು ಕಷ್ಟ. ಆ ಕಷ್ಟದ ಕೆಲಸವೇ ನಿಜವಾದ ವೇದಾಂತ. ಉತ್ಸವದ ಅನ್ನಸಂತರ್ಪಣೆಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತ ಭಕ್ತರು ಎಲೆ ಎತ್ತಿದ ಮೇಲೂ ಅದನ್ನು ನೆನಪಿನಲ್ಲಿಟ್ಟುಕೊಂಡರೆ ಉತ್ಸವ ಸಾರ್ಥಕ. ಶ್ರೀ ದೇವರು ಸರ್ವರಿಗೂ ಆ ಬುದ್ಧಿಯನ್ನು ಕರುಣಿಸಲಿ.