ಉಳುಮೆ, ತೋಟದ ಆರೈಕೆ ಮತ್ತು ಮಣ್ಣಿನ ಶಿಲೀಂಧ್ರ: ಚಿಕ್ಕೋಡಿ–ಅಥಣಿ ಸೀಮೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ನದಿಬಯಲಿನ ನೆಲ ಬಹುಪಾಲು ಎರೆಭೂಮಿ. ಏಕಸಂಬಿಯ ಬಳಿ ಹರಿಯುವ ದೂಧಗಂಗೆಯ ದಂಡೆಯಿಂದ ಕೃಷ್ಣೆಯ ತೀರದವರೆಗೂ ಇದೇ ಮಣ್ಣು. ಬೇಸಿಗೆಯಲ್ಲಿ ಇದು ಬಾಯಿಬಿಡುತ್ತದೆ. ಮೇಲಿನ ಪುಡಿಮಣ್ಣು ಬಿರುಕಿಗೆ ಉದುರಿ ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಸುಣ್ಣದಂಶ ಹೆಚ್ಚಿರುವುದರಿಂದ ಹಾಕಿದ ರಂಜಕ ಬೇರಿಗೆ ಸಿಗದಂತೆ ಕಟ್ಟಿಬೀಳುತ್ತದೆ. ಅದನ್ನು ಬೇರಿಗೆ ತಂದುಕೊಡುವುದು ಮೈಕೊರೈಜಾ ಎಂಬ ಶಿಲೀಂಧ್ರ–ಬೇರುಗಳ ಕೂಡುಬಾಳು. ಜೋಳ, ಕಬ್ಬು, ದ್ರಾಕ್ಷಿ ಮೂರಕ್ಕೂ ಇದರ ನಂಟಿದೆ.

ಹಳೆಯ ಒಕ್ಕಲುತನದಲ್ಲಿ ವರ್ಷವರ್ಷದ ಕೆಲಸ ಕುಂಟೆಯದು. ಎರೆ ಹೊಲವನ್ನು ಹರಗಿ ಬಿತ್ತುತ್ತಿದ್ದರು. ಕರಕಿ ಹಬ್ಬಿದಾಗ ಮಾತ್ರ ಹಲವು ಜೋಡಿ ಎತ್ತು ಹೂಡಿ ದೊಡ್ಡ ರಂಟೆ ಹೊಡೆಯುತ್ತಿದ್ದರು. ಹೀಗಾಗಿ ಆಳದ ಶಿಲೀಂಧ್ರದ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುತ್ತಿರಲಿಲ್ಲ.

20ನೆಯ ಶತಮಾನದ ಆರಂಭದಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ಮಣ್ಣಿಗೆ ವಿಷವೆಂದು ರೈತರು ಮೊದಲು ಕೊಳ್ಳಲಿಲ್ಲ. ಕಬ್ಬಿಣ ವಿಷವಲ್ಲ, ಆದರೆ ಅಡಿಮಣ್ಣನ್ನು ಮಗುಚುವ ಉಳುಮೆ ನೆಲವನ್ನು ಬದಲಿಸುತ್ತದೆಂಬ ಅಳುಕು ಪೂರ್ತಿ ಸುಳ್ಳೂ ಅಲ್ಲ. ನೇಗಿಲು ಎಳೆಗಳ ಜಾಲವನ್ನು ತುಂಡರಿಸುತ್ತದೆ. ಹೊಸ ಬೆಳೆಯ ಬೇರಿಗೆ ಸಿದ್ಧ ಜಾಲ ಸಿಗುವುದಿಲ್ಲ. ಮಣ್ಣಿನ ಸಾವಯವ ಅಂಶವೂ ಬೇಗ ಕರಗುತ್ತದೆ.

ನೀರಾವರಿ ಬಂದ ಮೇಲೆ ಕಬ್ಬು ಹಬ್ಬಿತು. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ 1939ರಲ್ಲೇ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಗಿತ್ತು. ಜೊತೆಗೆ ಟ್ರ್ಯಾಕ್ಟರ್, ಪಲ್ಟಿ ನೇಗಿಲು, ರೋಟಾವೇಟರ್ ಬಂದವು. ಕಟಾವಾದ ಮೇಲೆ ರವದಿಗೆ (ಕಬ್ಬಿನ ಒಣಗರಿಗೆ) ಬೆಂಕಿ ಹಚ್ಚುವುದು ಈ ಸೀಮೆಯ ದೊಡ್ಡ ನಷ್ಟ. ಸುಡದೆ ಕೂಳೆ ಕಬ್ಬಿನ ಸಾಲಿನಲ್ಲಿ ಹರವಿದ ರವದಿಯನ್ನು ಮಳೆಗಾಲದಲ್ಲಿ ಎತ್ತಿ ನೋಡಿದರೆ ಅಡಿಯಲ್ಲಿ ಬಿಳಿ ನೂಲಿನಂಥ ಎಳೆ ಕಾಣುತ್ತದೆ, ಹಸಿ ಮಣ್ಣಿನ ವಾಸನೆ ಬರುತ್ತದೆ. ಅದು ಕಸ ಕೊಳೆಸುವ ಶಿಲೀಂಧ್ರ. ಮೈಕೊರೈಜಾ ಬರಿಗಣ್ಣಿಗೆ ಕಾಣದು. ನೀರು ಅತಿಯಾಗಿ ಸವಳು–ಜವಳು ಹಿಡಿದ ಹೊಲದಲ್ಲಿ ಗಾಳಿಯಿಲ್ಲದೆ ಎರಡೂ ಸೊರಗುತ್ತವೆ.

ಅಥಣಿ ಭಾಗದ ದ್ರಾಕ್ಷಿ ಪಡಗಳ ಕಥೆ ಬೇರೆ. ಬಳ್ಳಿ ವರ್ಷಗಟ್ಟಲೆ ಒಂದೇ ಕಡೆ ನಿಲ್ಲುವುದರಿಂದ ಬುಡದ ಮಣ್ಣು ಕದಲುವುದಿಲ್ಲ, ಜಾಲ ಉಳಿಯಬೇಕು. ಆದರೆ ಸಾಲಿನ ನಡುವೆ ರೋಟಾವೇಟರ್ ಓಡುತ್ತದೆ. ಸಿಂಪಡಣೆಯ ಟ್ರ್ಯಾಕ್ಟರ್ ಒಂದೇ ಗಾಲಿಜಾಡಿನಲ್ಲಿ ತಿರುಗಿ ನೆಲ ಗಟ್ಟಿಯಾಗುತ್ತದೆ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ನಂತರ ಬೂಜು ತುಪ್ಪಟ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಫ್ರಾನ್ಸಿನಲ್ಲಿ ಮಿಲಾರ್ಡೆ ಇದನ್ನು ಪ್ರಕಟಿಸಿದ್ದು 1885ರಲ್ಲಿ, ಜರ್ಮನಿಯ ಎ. ಬಿ. ಫ್ರಾಂಕ್ ಮೈಕೊರೈಜಾಕ್ಕೆ ಹೆಸರಿಟ್ಟದ್ದೂ ಅದೇ ವರ್ಷ. ಶೇ. 1ರ ದ್ರಾವಣದ 100 ಲೀಟರಿಗೆ 1 ಕಿಲೋ ಮೈಲುತುತ್ತ ಬೇಕು. ಅದರ ತಾಮ್ರ ಕರಗಿಹೋಗದೆ ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಿನಲ್ಲಿ ಕೂಡುತ್ತ ಹೋಗಿ ಎರೆಹುಳುವಿಗೂ ಶಿಲೀಂಧ್ರಕ್ಕೂ ಕೇಡಾಗುತ್ತದೆ.

ಕರ್ನಾಟಕದಲ್ಲಿ ಮೈಕೊರೈಜಾ ಸಂಶೋಧನೆಗೆ ಬುನಾದಿ ಹಾಕಿದವರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ. ಜೆ. ಬಾಗ್ಯರಾಜ್ ಪ್ರಮುಖರು. ಈ ಶಿಲೀಂಧ್ರ ಜೀವಂತ ಬೇರಿನ ಮೇಲಷ್ಟೇ ಬೆಳೆಯುವುದರಿಂದ ಡಾಗ್‌ರಿಡ್ಜ್‌ನಂಥ ದ್ರಾಕ್ಷಿಯ ಬೇರುಸಸಿ ನೆಡುವಾಗಲೇ ಗುಣಿಗೆ ಹಾಕುವುದು ಸರಿಯಾದ ಕ್ರಮ. ರೋಗಕಾರಕ ಶಿಲೀಂಧ್ರಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರವನ್ನು ತಿಪ್ಪೆಗೊಬ್ಬರದಲ್ಲಿ ಬೆಳೆಸಿ ಬುಡಕ್ಕೆ ಕೊಡುತ್ತಾರೆ; ಅದನ್ನು ಬೋರ್ಡೋ ದ್ರಾವಣದ ಜೊತೆ ಬೆರೆಸಬಾರದು.