ತಾರಾಮತಿಯ ಪಾತ್ರಧಾರಿ

ಭಾರತೀಯ ಚಲಚ್ಚಿತ್ರದ ಇತಿಹಾಸವನ್ನು ಬರೆದವರು ಅದರ ಮೊದಲ ಅಧ್ಯಾಯವನ್ನು ಬಹುಮಟ್ಟಿಗೆ ಒಬ್ಬನೇ ವ್ಯಕ್ತಿಯ ಜೀವನಚರಿತ್ರೆಯನ್ನಾಗಿ ಮಾಡಿಬಿಟ್ಟಿದ್ದಾರೆ. ಧುಂಡಿರಾಜ ಗೋವಿಂದ ಫಾಲ್ಕೆಯವರು ೧೮೭೦ರಲ್ಲಿ ತ್ರ್ಯಂಬಕೇಶ್ವರದಲ್ಲಿ ಜನಿಸಿದ್ದು, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿಯೂ ಬಡೋದೆಯ ಕಲಾಭವನದಲ್ಲಿಯೂ ವ್ಯಾಸಂಗ ಮಾಡಿದ್ದು, ಗಿರಗಾಂವಿನಲ್ಲಿ ಯೇಸುಕ್ರಿಸ್ತನ ಚರಿತ್ರೆಯ ಚಿತ್ರವನ್ನು ಕಂಡು ರಾಮಕೃಷ್ಣರನ್ನೂ ಹೀಗೆಯೇ ತೆರೆಯ ಮೇಲೆ ನಡೆದಾಡಿಸಬೇಕೆಂದು ಸಂಕಲ್ಪಿಸಿದ್ದು, ೧೯೧೨ರ ಆರಂಭದಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮರಾ ತಂದದ್ದು, ೧೯೧೩ರ ಮೇ ೩ರಂದು ಕಾರೊನೇಷನ್ ಚಿತ್ರಮಂದಿರದಲ್ಲಿ 'ರಾಜಾ ಹರಿಶ್ಚಂದ್ರ' ಸಾರ್ವಜನಿಕರೆದುರಿಗೆ ಬಂದದ್ದು, ಇವೆಲ್ಲ ಈಗ ಶಾಲೆಯ ಹುಡುಗರಿಗೂ ಪರಿಚಿತವಾದ ಸಂಗತಿಗಳು. ಫಾಲ್ಕೆಯವರ ಸಾಧನೆ ಇಂಥ ಕೀರ್ತಿಗೆ ಅರ್ಹವಾದುದೇ ಸರಿ. ಆದರೆ ಅಂದು ಕಾರೊನೇಷನ್ನಿನಲ್ಲಿ ಕುಳಿತ ಪ್ರೇಕ್ಷಕರು ಕಂಡದ್ದು ಫಾಲ್ಕೆಯವರನ್ನಲ್ಲ. ಅವರು ಕಂಡದ್ದು ಡಿ. ಡಿ. ದಾಬಕೆ ಎಂಬ ರಂಗನಟನನ್ನು, ಫಾಲ್ಕೆಯವರ ಮಗ ಭಾಲಚಂದ್ರನನ್ನು, ಮತ್ತು ತಾರಾಮತಿಯ ವೇಷದಲ್ಲಿದ್ದ ಅಣ್ಣಾ ಸಾಳುಂಕೆ ಎಂಬ ತರುಣನನ್ನು. ಈ ಮೂರನೆಯ ವ್ಯಕ್ತಿಯನ್ನೂ, ಅವನ ಹಿಂದೆಯೇ ಬಂದ ಇಬ್ಬರು ಸ್ತ್ರೀಯರನ್ನೂ ಕುರಿತು ಕೊಂಚ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಸಾಳುಂಕೆಯ ಕಥೆಯನ್ನು ಸಾಮಾನ್ಯವಾಗಿ ಒಂದು ವಿನೋದಪ್ರಸಂಗವೆಂಬಂತೆ ಹೇಳುವ ವಾಡಿಕೆಯಿದೆ. ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಣ್ಣುಮಗಳನ್ನು ಹುಡುಕಿ ಫಾಲ್ಕೆಯವರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಬಂದವರು ಯಾರೂ ಒಪ್ಪಿಗೆಯಾಗಲಿಲ್ಲ. ವೇಶ್ಯಾವಾಟಿಕೆಗಳಿಗೂ ಹೋಗಿ ಕೇಳಿದರು, ಅಲ್ಲಿಯೂ ಕೆಲಸವಾಗಲಿಲ್ಲ. ಪತ್ನಿ ಸರಸ್ವತೀಬಾಯಿಯವರನ್ನೇ ಕೇಳಿದಾಗ, ತಾನು ಬಣ್ಣ ಹಚ್ಚಿಕೊಂಡು ನಿಂತರೆ ಉಳಿದ ಕೆಲಸ ನೋಡುವವರಾರು ಎಂದು ಅವರು ನಿರಾಕರಿಸಿದರೆಂದೂ ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿತ್ತು: ಇಡೀ ತಂಡಕ್ಕೆ ಅನ್ನ ಬೇಯಿಸುವುದರಿಂದ ಹಿಡಿದು ಕತ್ತಲೆಯ ಕೋಣೆಯಲ್ಲಿ ಫಿಲ್ಮು ತೊಳೆಯುವುದರವರೆಗೆ, ಬಿಸಿಲನ್ನು ಪ್ರತಿಫಲಿಸಲು ಬಿಳಿಯ ಹಾಸುಬಟ್ಟೆ ಹಿಡಿದು ನಿಲ್ಲುವುದರವರೆಗೆ, ಎಲ್ಲವೂ ಆ ಸಾಧ್ವಿಯ ಪಾಲಿಗೆ ಬಿದ್ದಿತ್ತು. ಕೊನೆಗೆ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ತಿಂಗಳಿಗೆ ಹತ್ತು ರೂಪಾಯಿ ಸಂಬಳದ ಮೇಲೆ ಅಡುಗೆಯ ಕೆಲಸಕ್ಕಿದ್ದ ಒಬ್ಬ ಹುಡುಗನ ಸಪೂರವಾದ ಮೈಕಟ್ಟೂ ನಯವಾದ ಕೈಗಳೂ ಫಾಲ್ಕೆಯವರ ಕಣ್ಣಿಗೆ ಬಿದ್ದವು. ಹದಿನೈದು ರೂಪಾಯಿ ಕೊಡುತ್ತೇನೆಂದು ಹೇಳಿ ಅವನನ್ನು ಕರೆತಂದರು. ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರಕ್ಕೆ ನಾಯಿಕೆ ದೊರೆತದ್ದು ಹೀಗೆ.

ಹೋಟೆಲಿನ ಒಲೆಯ ಮುಂದಿನಿಂದ ಇನ್ನೊಂದು ಬದುಕಿಗೆ ದಾಟಿದವರ ಕಥೆ ಮುಂಬಯಿಯ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಕರಾವಳಿಯಿಂದ ಬಂದ ಎಷ್ಟೋ ಮಂದಿ ಹುಡುಗರು ಹಗಲು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು ಮುಂದೆ ಬಂದವರು. ಅಂಥ ಬದುಕನ್ನು ಹತ್ತಿರದಿಂದ ಬಲ್ಲವರಿಗೆ ಸಾಳುಂಕೆಯ ಪ್ರಸಂಗದಲ್ಲಿ ನಗುವುದಕ್ಕಿಂತ ಹೆಚ್ಚಿನದು ಏನೋ ಇದೆಯೆಂದು ತೋರದಿರದು. ಹತ್ತು ರೂಪಾಯಿಯ ಕೆಲಸದವನಿಗೆ ಐದು ರೂಪಾಯಿ ಹೆಚ್ಚಳವೆಂಬುದು ಸಣ್ಣ ಮಾತಲ್ಲ. ಆದರೆ ಅದಕ್ಕೆ ಪ್ರತಿಯಾಗಿ ಅವನು ಒಪ್ಪಿಸಬೇಕಾಗಿದ್ದುದೂ ಸಣ್ಣದಲ್ಲ. ಹೆಣ್ಣುವೇಷಕ್ಕೆ ನಿಂತ ಗಂಡಸರಲ್ಲಿ ಕೆಲವರು ಮೀಸೆ ಬೋಳಿಸಲು ಒಪ್ಪದೆ ಹಟ ಹಿಡಿದರಂತೆ. ತಂದೆ ತೀರಿಕೊಂಡಾಗಲ್ಲದೆ ಮೀಸೆ ತೆಗೆಯಬಾರದೆಂಬುದು ಅವರ ಕುಲಾಚಾರ. ಸಿನಿಮಾದ ಕೆಲಸವೆಂದರೆ ಜನ ಮೂಗು ಮುರಿಯುತ್ತಿದ್ದ ಕಾಲವದು. ಆದ್ದರಿಂದ 'ಹರಿಶ್ಚಂದ್ರನ ಕಾರ್ಖಾನೆ'ಯಲ್ಲಿ ನೌಕರಿಗಿದ್ದೇವೆಂದು ಹೇಳಿಕೊಳ್ಳಿ ಎಂದು ಫಾಲ್ಕೆಯವರೇ ತಮ್ಮ ನಟರಿಗೆ ಹೇಳಿಕೊಟ್ಟಿದ್ದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಧಾರಿಗಳಿಗೆ ಆಗ ಬರವಿರಲಿಲ್ಲ. ಫಾಲ್ಕೆಯವರ ತಂಡದಲ್ಲಿಯೇ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡಿ ಪಳಗಿದ ಪಾಂಡುರಂಗ ಸಾನೆ ಎಂಬವರಿದ್ದರು. ಹೀಗಿದ್ದೂ ತಾರಾಮತಿಯ ಪಾತ್ರ ರಂಗದ ಗಂಧವಿಲ್ಲದ ಒಬ್ಬ ಅಡುಗೆಯವನಿಗೆ ಏಕೆ ಸಂದಿತು? ಹಣದ ಅಭಾವ ಒಂದು ಕಾರಣವಾಗಿದ್ದೀತು. ಆದರೆ ಅದಕ್ಕಿಂತ ಮೂಲವಾದ ಕಾರಣ ಮೂಕಚಿತ್ರದ ಸ್ವಭಾವದಲ್ಲಿಯೇ ಇತ್ತೆಂದು ನಮ್ಮ ಭಾವನೆ. ೧೯೧೩ರಲ್ಲಿಯೇ ನಾರಾಯಣರಾವ್ ರಾಜಹಂಸರು, ಎಂದರೆ ಬಾಲಗಂಧರ್ವರು, ತಮ್ಮ ಸ್ವಂತ ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಅವರ ಸ್ತ್ರೀಪಾತ್ರಗಳ ಮೋಹಕತೆಗೆ ವೇಷಭೂಷಣಗಳೂ ನಡಿಗೆಯ ಬೆಡಗೂ ಸಹಾಯಕವಾಗಿದ್ದುವಾದರೂ ಅದರ ಪ್ರಾಣವಿದ್ದುದು ಕಂಠದಲ್ಲಿ. ಮೂಕಚಿತ್ರವಾದರೋ ಕಂಠವನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಾ ಎನ್ನುತ್ತದೆ. ರಂಗದ ಸ್ತ್ರೀಪಾತ್ರಧಾರಿ ವರ್ಷಾನುವರ್ಷ ಸಾಧನೆ ಮಾಡಿ ಗಳಿಸಿದ ಸಂಪತ್ತಿನಲ್ಲಿ ಮುಖ್ಯವಾದುದಕ್ಕೆ ಅಲ್ಲಿ ಬೆಲೆಯಿಲ್ಲ. ಅಲ್ಲಿ ಬೇಕಾದುದು ಮುಖ, ಕೈ, ನಿಲುವು. ಲೋಣಾವಳೆಯಲ್ಲಿ ರವಿವರ್ಮನ ಚಿತ್ರಮುದ್ರಣಾಲಯದಲ್ಲಿ ದುಡಿದಿದ್ದ ಫಾಲ್ಕೆಯವರ ಕಣ್ಣು ಮನೆಮನೆಯ ಗೋಡೆಯ ಮೇಲೆ ತೂಗುತ್ತಿದ್ದ ಆ ಪಟಗಳ ಸ್ತ್ರೀಯರಿಗೆ ಒಗ್ಗಿದ ಕಣ್ಣು. ಅವರು ಹುಡುಕುತ್ತಿದ್ದುದು ನಟಿಯನ್ನು ಎನ್ನುವುದಕ್ಕಿಂತ ಪಟವೊಂದರಿಂದ ಎದ್ದುಬಂದಂತಹ ಆಕೃತಿಯನ್ನು ಎನ್ನಬಹುದು.

ಚಿತ್ರದ ತಯಾರಿಕೆಗೆ ಆರು ತಿಂಗಳು ಇಪ್ಪತ್ತೇಳು ದಿನ ಹಿಡಿಯಿತು. ಉದ್ದ ೩,೭೦೦ ಅಡಿ, ನಾಲ್ಕು ಸುರುಳಿ. ಛಾಯಾಗ್ರಹಣ ಫಾಲ್ಕೆಯವರ ಗೆಳೆಯರಾದ ತ್ರ್ಯಂಬಕ ತೆಲಂಗರದು. ವಾಂಗಣಿಯ ಸುತ್ತಮುತ್ತ ಹೊರಾಂಗಣದ ದೃಶ್ಯಗಳನ್ನು ತೆಗೆಯುವಾಗ ಕತ್ತಿ ಗುರಾಣಿ ಹಿಡಿದ ಗುಂಪನ್ನು ಕಂಡ ಹಳ್ಳಿಗರು ದರೋಡೆಗಾರರೆಂದು ಬಗೆದು ಪಟೇಲನಿಗೆ ದೂರಿತ್ತದ್ದೂ, ಆಟವಾಡುತ್ತ ಬಿದ್ದು ತಲೆಗೆ ಪೆಟ್ಟಾಗಿ ಮೂರ್ಛೆಹೋದ ಭಾಲಚಂದ್ರನನ್ನು ಹಾಗೆಯೇ ಮಲಗಿಸಿ ರೋಹಿತಾಶ್ವನ ಮರಣದ ದೃಶ್ಯವನ್ನು ಚಿತ್ರೀಕರಿಸಿದ್ದೂ ಪದೇಪದೇ ಉಲ್ಲೇಖವಾಗುವ ಪ್ರಸಂಗಗಳು. ಎರಡನೆಯದನ್ನು ಕಾರ್ಯನಿಷ್ಠೆಯ ಉದಾಹರಣೆಯಾಗಿ ಹೊಗಳುವವರಿದ್ದಾರೆ. ಆ ಹುಡುಗನ ವಯಸ್ಸನ್ನು ನೆನೆದರೆ ಹೊಗಳಲು ನಮಗೆ ಮನಸ್ಸು ಬಾರದು.

೧೯೬೪ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಈ ಚಿತ್ರದ ಮೊದಲ ಹಾಗೂ ಕೊನೆಯ ಸುರುಳಿಗಳು ದೊರೆತಿವೆ. ಅವು ೧೯೧೩ರ ಚಿತ್ರದವೋ, ಅದೇ ಕಥೆಯನ್ನು ಫಾಲ್ಕೆಯವರು ೧೯೧೭ರಲ್ಲಿ ಮರಳಿ ತೆಗೆದಾಗಿನವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದೇನೇ ಇರಲಿ, ಆ ಸುರುಳಿಗಳಲ್ಲಿ ಕಾಣುವ ತಾರಾಮತಿಯನ್ನು ನೋಡಿದರೆ ಆ ಕಾಲದ ಅಭಿನಯದ ರೀತಿ ತಕ್ಕಮಟ್ಟಿಗೆ ಮನದಟ್ಟಾಗುತ್ತದೆ. ರಾಜನು ಮಗನಿಗೆ ಬಿಲ್ವಿದ್ಯೆ ಕಲಿಸುತ್ತಿರುವಾಗ ರಾಣಿ ಪಕ್ಕದಲ್ಲಿ ನಿಂತಿದ್ದಾಳೆ. ಆ ನಿಲುವಿನಲ್ಲಿ ಅತಿರೇಕವಿಲ್ಲ. ರಂಗದ ಮೇಲಿನ ವೈಯಾರವೂ ಇಲ್ಲ. ಕೊಳದಲ್ಲಿ ರಾಣಿ ಸಖಿಯರೊಡನೆ ಜಲಕ್ರೀಡೆಯಾಡುವ ಪ್ರಸಿದ್ಧ ದೃಶ್ಯದಲ್ಲಿ ಎಲ್ಲರೂ ಗಂಡಸರೇ. ನೆನೆದ ಸೀರೆಯ ಮರೆಯಲ್ಲಿ ಅದು ಮುಚ್ಚಿಡಲಾಗದ ಸಂಗತಿ. ಆದರೂ ಸಖಿಯರಲ್ಲಿ ಎದ್ದು ಕಾಣುವ ಗಡಸು ರಾಣಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಮುಂದಿನ ಹೆಜ್ಜೆಯನ್ನು ಇತಿಹಾಸಕಾರರು ಬಲು ಸರಳವಾಗಿ ಹೇಳಿ ಮುಗಿಸುತ್ತಾರೆ: ಮೊದಲು ಗಂಡಸರು ಹೆಣ್ಣುವೇಷ ಹಾಕಿದರು, ಆಮೇಲೆ ಹೆಣ್ಣುಮಕ್ಕಳು ಬಂದರು, ಅಲ್ಲಿಗೆ ಆ ಪದ್ಧತಿ ನಿಂತಿತು. ವಸ್ತುಸ್ಥಿತಿ ಹಾಗಿಲ್ಲ. ೧೯೧೩ರಲ್ಲಿಯೇ ಫಾಲ್ಕೆಯವರು ನಾಸಿಕಕ್ಕೆ ನೆಲೆ ಬದಲಾಯಿಸಿ ಕೈಗೆತ್ತಿಕೊಂಡ 'ಮೋಹಿನೀ ಭಸ್ಮಾಸುರ'ದಲ್ಲಿ ಪಾರ್ವತಿಯ ಪಾತ್ರಕ್ಕೆ ದುರ್ಗಾಬಾಯಿ ಕಾಮತ್ ಎಂಬವರೂ ಮೋಹಿನಿಯ ಪಾತ್ರಕ್ಕೆ ಅವರ ಮಗಳು ಕಮಲಾಬಾಯಿಯೂ ಬಂದರು. ಭಾರತೀಯ ಕಥಾಚಿತ್ರದಲ್ಲಿ ಅಭಿನಯಿಸಿದ ಮೊದಲ ಸ್ತ್ರೀಯರು ಈ ತಾಯಿಮಗಳು. ಆದರೆ ಇದಾದ ನಾಲ್ಕು ವರ್ಷಗಳ ಮೇಲೆ, ೧೯೧೭ರ 'ಲಂಕಾದಹನ'ದಲ್ಲಿ, ಸೀತೆಯಾಗಿ ಬಂದವನು ಮತ್ತೆ ಅದೇ ಅಣ್ಣಾ ಸಾಳುಂಕೆ! ಅಷ್ಟೇ ಅಲ್ಲ, ರಾಮನೂ ಅವನೇ. ಹನುಮಂತನ ಪಾತ್ರ ಗಣಪತ ಶಿಂದೆಯವರದು. ಸೀತೆಯ ತೋಳಿನ ಮಾಂಸಖಂಡಗಳು ಕಾಣುತ್ತಿದ್ದುವೆಂದು ಈಚಿನವರು ಪರಿಹಾಸ್ಯ ಮಾಡುವುದುಂಟು. ಅಂದಿನ ಪ್ರೇಕ್ಷಕರಿಗೆ ಮಾತ್ರ ಅದು ಬಾಧಕವಾಗಲಿಲ್ಲ. ರಾಮನ ದರ್ಶನವಾದೊಡನೆ ಕೈಮುಗಿದರು. ಮುಂಬಯಿಯಲ್ಲಿ ಬೆಳಗಿನ ಏಳರಿಂದ ನಡುರಾತ್ರಿಯವರೆಗೆ ಪ್ರದರ್ಶನಗಳು ನಡೆದವೆಂದೂ, ಮದರಾಸಿನಲ್ಲಿ ಸಂಗ್ರಹವಾದ ಚಿಲ್ಲರೆ ಹಣವನ್ನು ಪೊಲೀಸರ ಕಾವಲಿನಲ್ಲಿ ಎತ್ತಿನ ಗಾಡಿಯ ಮೇಲೆ ಸಾಗಿಸಿದರೆಂದೂ ಪ್ರತೀತಿ. ಅಂತೂ ಆ ದಶಕದ ಅತ್ಯಂತ ಜನಪ್ರಿಯ ಮುಖಗಳಲ್ಲಿ ಒಂದು ಗ್ರಾಂಟ್ ರೋಡಿನ ಆ ಮಾಜಿ ಅಡುಗೆಯವನದು.

ಸ್ತ್ರೀಯರು ಒಮ್ಮೆ ಬಂದಮೇಲೂ ಗಂಡಸೇ ಸೀತೆಯಾಗಬೇಕಾಗಿ ಬಂದದ್ದರ ಅರ್ಥವಿಷ್ಟೆ: ದುರ್ಗಾಬಾಯಿ ಮತ್ತು ಕಮಲಾಬಾಯಿ ತೆರೆದ ಬಾಗಿಲಿನಿಂದ ಅವರ ಹಿಂದೆ ಸಾಲುಸಾಲಾಗಿ ಯಾರೂ ಬರಲಿಲ್ಲ. ಅವರಿಬ್ಬರ ಜೀವನವನ್ನು ನೋಡಿದರೆ ಕಾರಣ ತಿಳಿಯುತ್ತದೆ. ದುರ್ಗಾಬಾಯಿಯ ಪತಿ ಜೆ. ಜೆ. ಕಲಾಶಾಲೆಯಲ್ಲಿ ಅಧ್ಯಾಪಕರು. ಅವರಿಂದ ಬೇರ್ಪಟ್ಟ ಮೇಲೆ ಪುಟ್ಟ ಮಗಳನ್ನು ಕಟ್ಟಿಕೊಂಡು ಬದುಕಬೇಕಾದ ಹೆಂಗಸಿಗೆ ಆ ಕಾಲದಲ್ಲಿ ಪರರ ಮನೆಯ ಚಾಕರಿ ಒಂದು ದಾರಿ, ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಆಕೆ ಎರಡನ್ನೂ ಬಿಟ್ಟು ಸಂಚಾರೀ ನಾಟಕ ಮಂಡಳಿಯನ್ನು ಸೇರಿದರು. ಸಮಾಜ ಇದನ್ನು ಕ್ಷಮಿಸುವಂತಿರಲಿಲ್ಲ. ಮಗಳು ನಾಲ್ಕೈದು ವರ್ಷದವಳಿರುವಾಗಲೇ ರಂಗದ ಮೇಲೆ ನಿಂತಳು. ಇವರಿಗೆ ಕಳೆದುಕೊಳ್ಳಬೇಕಾದ ಮಾನಮರ್ಯಾದೆಯನ್ನು ಸಮಾಜ ಮೊದಲೇ ಕಿತ್ತುಕೊಂಡಿತ್ತು. ಆದ್ದರಿಂದ ಫಾಲ್ಕೆಯವರ ಕರೆಗೆ ಓಗೊಡುವುದು ಇವರಿಗೆ ಸಾಧ್ಯವಾಯಿತು. ಉಳಿದವರಿಗೆ ಆಗಲಿಲ್ಲ. ಮುಂದೆ ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರರು ೧೯೨೦ರ 'ಸೈರಂಧ್ರಿ'ಗೆ ಸ್ತ್ರೀಯರನ್ನೇ ತಂದಾಗ ಅವರಿಗೆ ಹೊಸ ಹೆಸರುಗಳನ್ನಿಟ್ಟರೆಂಬುದು ಗಮನಾರ್ಹ. ಗುಲಾಬಬಾಯಿ ಕಮಲಾದೇವಿಯಾದರು, ಅನಸೂಯಾಬಾಯಿ ಸುಶೀಲಾದೇವಿಯಾದರು.

ಈ ಇತಿಹಾಸದಲ್ಲಿ ಕನ್ನಡಿಗರಿಗೆ ಸಂಬಂಧವೇನು ಎಂದು ಯಾರಾದರೂ ಕೇಳಬಹುದು. ೧೮೪೨ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗಲಿಯ ಅರಸರ ಮುಂದೆ ಆಟವಾಡಿತು. ಅದರಿಂದ ಪ್ರೇರಿತರಾಗಿ ಅರಸರು ವಿಷ್ಣುದಾಸ ಭಾವೆಯವರಿಂದ ನಾಟಕ ಬರೆಯಿಸಿದರು. ಮರುವರ್ಷ 'ಸೀತಾಸ್ವಯಂವರ' ರಂಗಕ್ಕೆ ಬಂದು ಮರಾಠಿ ರಂಗಭೂಮಿಗೆ ಆದಿಯಾಯಿತು. ಗಂಡಸರೇ ಸೀತೆ ದ್ರೌಪದಿಯರಾಗುವ, ಪುರಾಣವನ್ನೇ ಆಡಿತೋರಿಸುವ ಆ ಮೇಳದ ಪದ್ಧತಿಗೂ ಎಪ್ಪತ್ತು ವರ್ಷಗಳ ಮೇಲೆ ಫಾಲ್ಕೆಯವರು ತೆಗೆದ ಪೌರಾಣಿಕ ಚಿತ್ರಗಳಿಗೂ ನಡುವೆ ದೂರದ ನೆಂಟಸ್ತಿಕೆ ಇದೆಯೆನ್ನಬಹುದು. ಅದಕ್ಕಿಂತ ಹೆಚ್ಚಿನ ಹಕ್ಕನ್ನು ನಾವು ಸಾಧಿಸಬೇಕಾಗಿಲ್ಲ. ಸ್ತ್ರೀವೇಷ ಯಾವ ಒಂದು ಪ್ರಾಂತದ ಸ್ವತ್ತೂ ಅಲ್ಲ. ಬಾಲಗಂಧರ್ವರ ಮಂಡಳಿಗೆ ಸ್ತ್ರೀಪಾತ್ರಗಳಿಗಾಗಿ ಬಂದ ಗೋಹರಬಾಯಿ ಕರ್ನಾಟಕಿಯವರು ನಮ್ಮ ಬೀಳಗಿಯ ಅಮೀರಬಾಯಿಯವರ ಸೋದರಿ ಎಂಬುದನ್ನು ಮಾತ್ರ ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. ೧೯೩೪ರಲ್ಲಿ ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡ 'ಸತಿ ಸುಲೋಚನ'ವನ್ನು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರೀಕರಿಸುವ ವೇಳೆಗೆ ತ್ರಿಪುರಾಂಬಾ ಅವರು ಸುಲೋಚನೆಯಾಗಿಯೂ ಲಕ್ಷ್ಮೀಬಾಯಿಯವರು ಮಂಡೋದರಿಯಾಗಿಯೂ ನಿಂತರು. ಗಂಡಸಿನ ಪ್ರಶ್ನೆಯೇ ಏಳಲಿಲ್ಲ. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ತ್ರಿಪುರಾಂಬಾ ಅವರ ಅಭಿನಯವನ್ನು ನೋಡಿ ತೂಗುವ ಅವಕಾಶ, ಸಾಳುಂಕೆಯ ಮಟ್ಟಿಗಾದರೂ ದೊರೆತಷ್ಟು, ನಮಗೆ ಇಲ್ಲವಾಗಿದೆ. ಮಹಾರಾಷ್ಟ್ರದವರು ಎರಡು ಸುರುಳಿಗಳ ಬಗ್ಗೆ ವಾದಿಸುತ್ತಿದ್ದಾರೆ. ನಮಗೆ ವಾದಿಸಲು ಒಂದು ಸುರುಳಿಯೂ ಇಲ್ಲ.

ಸಾಳುಂಕೆ ಮುಂದೆ ಬಣ್ಣವನ್ನು ತೊಳೆದು ಕ್ಯಾಮರಾದ ಹಿಂದೆ ಸರಿದರು. ೧೯೨೦ರ ದಶಕದ ಹಲವು ಮೂಕಚಿತ್ರಗಳಿಗೆ ಛಾಯಾಗ್ರಾಹಕರು ಅವರೇ. ತನ್ನ ಮುಖವನ್ನು ಸೆರೆಹಿಡಿದ ಯಂತ್ರವನ್ನು ತಾನೇ ಕಲಿತುಕೊಂಡ ಈ ಸಂಗತಿ ಲಂಕಾದಹನದ ಇಮ್ಮಡಿ ಪಾತ್ರಕ್ಕಿಂತ ದೊಡ್ಡ ಸಾಧನೆಯೆಂದು ನಮಗೆ ತೋರುತ್ತದೆ. ಆದರೂ ಅವರ ಹೆಸರು ಬಂದಲ್ಲೆಲ್ಲ ಸೀರೆಯ ಪ್ರಸ್ತಾಪವೇ ಮುಂದು.

ಫಾಲ್ಕೆಯವರ ಮಗಳು ಮಂದಾಕಿನಿ ೧೯೧೯ರ 'ಕಾಲಿಯಾ ಮರ್ದನ'ದಲ್ಲಿ ಬಾಲಕೃಷ್ಣಳಾದಳು. ಗಂಡು ತಾರಾಮತಿಯಾದ ಆರು ವರ್ಷಗಳಲ್ಲಿ ಹೆಣ್ಣು ಕೃಷ್ಣನಾದದ್ದು. ಈ ಚಿತ್ರದ ಹೆಚ್ಚಿನ ಭಾಗ ಸುದೈವದಿಂದ ಉಳಿದಿದೆ. ಅದರ ಆರಂಭದಲ್ಲಿ ಏಳು ವರ್ಷದ ಆ ಹುಡುಗಿ ವೇಷವಿಲ್ಲದೆ ನಮ್ಮೆದುರು ಬಂದು, ಒಂದಾದ ಮೇಲೊಂದು ಭಾವವನ್ನು ಮುಖದಲ್ಲಿ ತೋರಿಸುತ್ತಾಳೆ. ಅನಂತರ ಆ ಮುಖವೇ ಕರಗಿ ಕೃಷ್ಣನ ಮುಖವಾಗುತ್ತದೆ. ಪಾತ್ರಕ್ಕಿಂತ ಮುಂಚೆ ಪಾತ್ರಧಾರಿಯನ್ನು ಪರಿಚಯಿಸುವ ಈ ಸೌಜನ್ಯವನ್ನು ಫಾಲ್ಕೆಯವರು ಸಾಳುಂಕೆಗೂ ಒಮ್ಮೆ ತೋರಿಸಿದ್ದರೆ!

ಕಮಲಾಬಾಯಿ ರಘುನಾಥರಾವ್ ಗೋಖಲೆಯವರನ್ನು ಮದುವೆಯಾಗಿ, ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ, ಮಕ್ಕಳನ್ನು ಸಾಕಲು ಮತ್ತೆ ರಂಗಕ್ಕೆ ಮರಳಿದರು. ಅಲ್ಲಿ ಪುರುಷಪಾತ್ರಗಳನ್ನೂ ವಹಿಸಿದರು. ಅವರ ಮಗ ಚಂದ್ರಕಾಂತ ಗೋಖಲೆಯವರೂ ಮೊಮ್ಮಗ ವಿಕ್ರಮ ಗೋಖಲೆಯವರೂ ನಟರಾಗಿ ಹೆಸರಾದರು. ಇನ್ನಿಬ್ಬರು ಮಕ್ಕಳು ಲಾಲಜಿ ಮತ್ತು ಸೂರ್ಯಕಾಂತ ತಬಲಾವಾದಕರು. ೧೯೮೦ರ 'ಗಹರಾಯೀ' ಎಂಬ ಹಿಂದೀ ಚಿತ್ರದಲ್ಲಿ, ಬೆಂಗಳೂರಿನ ಚೆನ್ನಬಸಪ್ಪನೆಂಬವನ ಸಂಸಾರದ ಕಥೆಯಲ್ಲಿ, ಶ್ರೀರಾಮ ಲಾಗೂ ಮತ್ತು ನಮ್ಮ ಅನಂತನಾಗ್ ಅವರಿದ್ದ ಚಿತ್ರದಲ್ಲಿ, ಎಂಬತ್ತರ ಆಸುಪಾಸಿನ ಆ ವೃದ್ಧೆ ಕಾಣಿಸಿಕೊಂಡಿದ್ದಾರೆ. ೧೯೯೦ರ ದಶಕದ ಆರಂಭದಲ್ಲಿ ರೀನಾ ಮೋಹನ್ ಅವರು ಈಕೆಯ ಮೇಲೆ ಒಂದು ಸಾಕ್ಷ್ಯಚಿತ್ರ ತೆಗೆದರು. ಮೂಕಚಿತ್ರದ ಮೊದಲ ಮೋಹಿನಿ ಅದರಲ್ಲಿ ತನ್ನ ಕಥೆಯನ್ನು ತಾನೇ ಮಾತನಾಡಿ ಹೇಳಿದ್ದಾರೆ.